ದಿನಸಿ ಚೀಟಿ ಮತ್ತು ಸೊಪ್ಪಿನ ಮಡಿ

2023ರ ಜುಲೈನಲ್ಲಿ ಬೆಂಗಳೂರಿನ ಅಂಗಡಿಗಳಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತು. ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಹಿಡಿಯುವ ಬಾಕ್ಸು 2,000 ರೂಪಾಯಿಗೂ ಮೇಲೆ ಹರಾಜಾಯಿತು. ಹೊಲದಿಂದಲೇ ಟೊಮೆಟೊ ಕದ್ದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ತಿಂಗಳು ದೇಶದ ಚಿಲ್ಲರೆ ಹಣದುಬ್ಬರ ಶೇ 7.44 ಇತ್ತು, ತರಕಾರಿಯೊಂದನ್ನೇ ಲೆಕ್ಕ ಹಿಡಿದರೆ ಏರಿಕೆ ಶೇ 37. ಮರುವರ್ಷ ಅಕ್ಟೋಬರಿನಲ್ಲಿ ತರಕಾರಿಯ ಅಂಕಿ ಶೇ 42ಕ್ಕೆ ಹೋಯಿತು. ಪೇಟೆಯಲ್ಲಿ ಹೀಗೆ ಬೆಲೆ ಜಿಗಿದಾಗಲೆಲ್ಲ ನರ್ಸರಿಗಳಲ್ಲಿ ಜನ ಸೇರುತ್ತಾರೆ, ಬೀಜದ ಪೊಟ್ಟಣ, ಗ್ರೋ ಬ್ಯಾಗು, ಎರೆಗೊಬ್ಬರ ಬಿರುಸಾಗಿ ಮಾರಾಟವಾಗುತ್ತವೆ. ಮನೆಯಲ್ಲೇ ನಾಲ್ಕು ಗಿಡ ಹಾಕಿಕೊಂಡರೆ ಈ ಗೋಳು ಯಾಕೆ ಎಂಬ ಮಾತು ಬಾಯಿಂದ ಬಾಯಿಗೆ ಹರಿಯುತ್ತದೆ.

ಈ ಮಾತಿನಲ್ಲಿ ನಿಜವೂ ಇದೆ, ಆಸೆಯೂ ಇದೆ. ಯಾವುದು ಎಷ್ಟು ಎಂದು ಕೂತು ಲೆಕ್ಕ ಹಾಕಿ ನೋಡುವ ಕೆಲಸ ಮಾತ್ರ ಕಡಿಮೆ. ಕೈತೋಟವನ್ನು ಪ್ರೀತಿಸುವವರು ಖರ್ಚಿನ ಮಾತು ಎತ್ತುವುದಿಲ್ಲ. ಖರ್ಚಿನ ಲೆಕ್ಕ ಹಿಡಿಯುವವರು ಅದನ್ನು ಹವ್ಯಾಸವೆಂದು ಬದಿಗೆ ಸರಿಸುತ್ತಾರೆ. ಎರಡೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮನೆಯ ತೋಟ ದಿನಸಿ ಚೀಟಿಯ ಒಂದು ಸಣ್ಣ ಭಾಗವನ್ನು ಮಾತ್ರ ಮುಟ್ಟಬಲ್ಲದು. ಆ ಭಾಗ ಯಾವುದು ಎಂದು ಗುರುತಿಸಿ ಬೆಳೆದವರಿಗೆ ಅದು ಖಂಡಿತ ದಕ್ಕುತ್ತದೆ, ಗುರುತಿಸದವರಿಗೆ ಕೈಯಿಂದ ದುಡ್ಡು ಹೋಗುತ್ತದೆ.

ಮೊದಲು ಚೀಟಿಯನ್ನೇ ನೋಡೋಣ. 2022-23ರ ಕೇಂದ್ರ ಸರ್ಕಾರದ ಗೃಹಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ದೇಶದ ನಗರವಾಸಿಯೊಬ್ಬರ ಸರಾಸರಿ ತಿಂಗಳ ಖರ್ಚು 6,459 ರೂಪಾಯಿ, ಹಳ್ಳಿಯವರದು 3,773 ರೂಪಾಯಿ. ನಗರದಲ್ಲಿ ಇದರ ಶೇ 39ರಷ್ಟು ಊಟ-ತಿಂಡಿಗೆ ಹೋಗುತ್ತದೆ, ಹಳ್ಳಿಯಲ್ಲಿ ಶೇ 46. ಆದರೆ ತರಕಾರಿಯ ಪಾಲು ನಗರದಲ್ಲಿ ಶೇ 3.8, ಹಳ್ಳಿಯಲ್ಲಿ ಶೇ 5.38 ಅಷ್ಟೆ. ಅಂದರೆ ನಾಲ್ವರಿರುವ ನಗರದ ಮನೆಯೊಂದು ತಿಂಗಳಿಗೆ ತರಕಾರಿಗೆ ಸುರಿಯುವುದು ಸರಾಸರಿ ಸಾವಿರ ರೂಪಾಯಿಗೆ ತುಸು ಕಡಿಮೆ. ಆಮೇಲಿನ ಬೆಲೆಯೇರಿಕೆ ಸೇರಿಸಿಕೊಂಡರೂ ಚಿತ್ರ ಅಷ್ಟೇನೂ ಬದಲಾಗದು. ಮನೆಗೆ ಬೇಕಾದ ತರಕಾರಿಯಲ್ಲಿ ಅರ್ಧ ಭಾಗ ಬೆಳೆದರೂ ಉಳಿಯುವುದು ಮನೆಖರ್ಚಿನ ಶೇ 2ರಷ್ಟು. ಹಾಲು, ಎಣ್ಣೆ, ಬೇಳೆ, ಅಕ್ಕಿ, ಹೊರಗಿನ ತಿಂಡಿ, ಇವುಗಳ ಮುಂದೆ ತರಕಾರಿ ಚಿಕ್ಕ ಬಾಬತ್ತು. ದಿನಸಿ ಚೀಟಿಯ ತಲೆಯಲ್ಲಿರುವ ಸಾಮಾನುಗಳನ್ನು ತಾರಸಿ ಮುಟ್ಟುವುದಿಲ್ಲ.

ಬೇಳೆಯನ್ನೇ ತೆಗೆದುಕೊಳ್ಳಿ. ಕಲಬುರಗಿಯ ಕಪ್ಪು ಮಣ್ಣಿನಲ್ಲಿ ಹೆಕ್ಟೇರಿಗೆ 8ರಿಂದ 10 ಕ್ವಿಂಟಲ್ ತೊಗರಿ ಬಂದರೆ ಒಳ್ಳೆಯ ಬೆಳೆ. ಚದರ ಮೀಟರಿಗೆ ಇಳಿಸಿದರೆ ಇದು 80ರಿಂದ 100 ಗ್ರಾಂ. 30x40 ನಿವೇಶನ ಪೂರ್ತಿ, ಗೋಡೆ-ಬಾಗಿಲು ಏನೂ ಇಲ್ಲದೆ, ತೊಗರಿ ಬಿತ್ತಿದರೂ ಸಿಗುವುದು ಹತ್ತು-ಹನ್ನೊಂದು ಕಿಲೋ. ಬೇಳೆ ಮಾಡಿಸಿದರೆ ಇನ್ನೂ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿ ಹೇಳುವಂತೆ ತಲೆಗೆ ದಿನಕ್ಕೆ 85 ಗ್ರಾಂ ಬೇಳೆಕಾಳು ಬೇಕೆಂದರೆ ನಾಲ್ವರ ಮನೆಗೆ ಅದು ಒಂದು ತಿಂಗಳಿಗೆ ಸರಿಹೋದೀತು. ವರ್ಷವಿಡೀ ಉಣ್ಣಲು ಹನ್ನೆರಡು ಗುಂಟೆಗೂ ಮೇಲೆ ಹೊಲ ಬೇಕು. ಕಾಳು ಬೆಳೆಯುವುದು ರೈತನ ಕೆಲಸ, ಅದಕ್ಕೆ ಹೊಲವೇ ಬೇಕು. ಈ ಸತ್ಯವನ್ನು ಒಪ್ಪಿಕೊಂಡ ಮೇಲೆಯೇ ಕೈತೋಟದ ಮಾತು ಶುರುವಾಗಬೇಕು.

ಹಾಗಾದರೆ ಮನೆಗೆ ಒಗ್ಗುವುದು ಯಾವುದು? ಸೊಪ್ಪು. ಸಂತೆಯ ಲೆಕ್ಕದಲ್ಲಿ ಸೊಪ್ಪಿನ ಸ್ವಭಾವವೇ ಬೇರೆ. ಬೆಳೆಯಲು ಅತಿ ಕಡಿಮೆ ದಿನ, ಕೆಡಲು ಅತಿ ಕಡಿಮೆ ಗಂಟೆ. ರಾತ್ರಿ ಕೊಯ್ದು ಬೆಳಗಿನ ಜಾವ ಮಾರುಕಟ್ಟೆಗೆ ತಂದು ಹತ್ತು ಗಂಟೆಗೆ ಬಾಡುವ ಕಟ್ಟಿನ ಬೆಲೆಯಲ್ಲಿ ಬೆಳೆದ ಖರ್ಚಿಗಿಂತ ಸಾಗಿಸಿದ ಖರ್ಚು, ಬಾಡಿ ಎಸೆದದ್ದರ ನಷ್ಟ ಹೆಚ್ಚು. ಮನೆಯ ಮಡಿ ಈ ಎರಡೂ ಖರ್ಚನ್ನು ಪೂರ್ತಿ ಅಳಿಸುತ್ತದೆ. ಜೊತೆಗೆ ನಮಗೆ ಬೇಕಾಗುವುದು ಒಂದು ಹಿಡಿ, ಅಂಗಡಿಯವನು ಕೊಡುವುದು ಒಂದು ಕಟ್ಟು. ಉಳಿದ ಕೊತ್ತಂಬರಿ ಫ್ರಿಜ್ಜಿನಲ್ಲಿ ಕಪ್ಪಾಗಿ ಕೊಳೆತದ್ದು ಎಲ್ಲ ಮನೆಯ ಅನುಭವ. ಹಿಂದೆ ತರಕಾರಿ ಕೊಂಡವರ ಚೀಲಕ್ಕೆ ನಾಲ್ಕು ಎಸಳು ಕರಿಬೇವು, ಒಂದು ಚಿಟಿಕೆ ಕೊತ್ತಂಬರಿ ಕೊಸರಾಗಿ ಬೀಳುತ್ತಿತ್ತು. ಈಗ ಪಟ್ಟಣಗಳಲ್ಲಿ ಕರಿಬೇವಿಗೂ ಬೆಲೆ ಕಟ್ಟುತ್ತಾರೆ. ಮಳೆಗಾಲದಲ್ಲಿ ಕೊತ್ತಂಬರಿ ಕಟ್ಟಿನ ಬೆಲೆ ಕೇಳಿ ವಾಪಸಿಟ್ಟವರನ್ನು ಎಷ್ಟೋ ಸಲ ನೋಡಿದ್ದೇನೆ. ಕರಿಬೇವಿನ ಒಂದು ಗಿಡ ಬೇರೂರಿತೆಂದರೆ ಹತ್ತಾರು ವರ್ಷ ಒಗ್ಗರಣೆಗೆ ಆಯಿತು.

ಹರಿವೆಯ ಒಂದು ಟ್ರೇಯನ್ನು ಹತ್ತಿರದಿಂದ ನೋಡಿದರೆ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ಸಾಸಿವೆಗಿಂತ ಸಣ್ಣ ಕರಿ ಬೀಜ. ಎರಡು ಚಿಟಿಕೆಯನ್ನು ಮರಳಿನಲ್ಲಿ ಬೆರೆಸಿ ಉದುರಿಸಬೇಕು, ಇಲ್ಲದಿದ್ದರೆ ಒಂದೇ ಕಡೆ ಗುಂಪಾಗುತ್ತದೆ. ನಾಲ್ಕು-ಐದು ದಿನಕ್ಕೆ ಕೆಂಪು ದಾರದಂಥ ಮೊಳಕೆ. ಒತ್ತಾದ ಸಸಿಗಳನ್ನು ಕಿತ್ತರೆ ಅದೇ ಮೊದಲ ಪಲ್ಯ. ತಿಂಗಳು ತುಂಬುವಾಗ ಗೇಣುದ್ದ ಬೆಳೆದಿರುತ್ತದೆ. ಬುಡದಿಂದ ಕೀಳದೆ ಎರಡು ಬೆರಳು ಬಿಟ್ಟು ಕತ್ತರಿಸಿದರೆ ಪಕ್ಕದಿಂದ ಮತ್ತೆ ಚಿಗುರು. ಹೊಲದಲ್ಲಿ ಹೆಕ್ಟೇರಿಗೆ ಹತ್ತು ಟನ್ ಹರಿವೆ ಸಾಧಾರಣ ಇಳುವರಿ, ಅಂದರೆ ಚದರ ಮೀಟರಿಗೆ ಒಂದು ಕಿಲೋ. ಅದೇ ಜಾಗ ತೊಗರಿಯಲ್ಲಿ ಆರು ತಿಂಗಳಿಗೆ ನೂರು ಗ್ರಾಂ ಕೊಟ್ಟರೆ ಹರಿವೆಯಲ್ಲಿ ತಿಂಗಳಿಗೊಂದು ಕಿಲೋ ಕೊಡುತ್ತದೆ. ಮೆಂತ್ಯಕ್ಕೆ ಅಡುಗೆಮನೆಯ ಡಬ್ಬಿಯ ಕಾಳೇ ಬೀಜ. ಕೊತ್ತಂಬರಿ ಬೀಜವನ್ನು ಅಂಗೈಯಲ್ಲೋ ಹಲಗೆಯಲ್ಲೋ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಬಸಳೆ, ದೊಡ್ಡಪತ್ರೆ, ಪುದೀನಕ್ಕೆ ಬೀಜದ ಖರ್ಚೂ ಇಲ್ಲ, ಪಕ್ಕದ ಮನೆಯಿಂದ ತಂದ ಒಂದು ಕಡ್ಡಿ ಸಾಕು.

ಟೊಮೆಟೊ ಕಥೆ ಬೇರೆ. ಬೆಲೆ ಏರಿದ ದಿನ ಬೀಜ ಬಿತ್ತಿದರೆ ಸಸಿಯಾಗಲು ಮೂರು-ನಾಲ್ಕು ವಾರ, ನೆಟ್ಟ ಮೇಲೆ ಮೊದಲ ಹಣ್ಣಿಗೆ ಮತ್ತೆ ಎರಡು ತಿಂಗಳು. 2023ರ ಜುಲೈನಲ್ಲಿ ಬಿತ್ತಿದವರ ಗಿಡದಲ್ಲಿ ಹಣ್ಣು ಕೆಂಪಾಗುವ ಹೊತ್ತಿಗೆ ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು, ಪೇಟೆಯಲ್ಲಿ ಬೆಲೆ ಕುಸಿದು ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿಯುತ್ತಿದ್ದರು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಟೊಮೆಟೊ ತುಟ್ಟಿಯಾಗುವುದು ಬಿರುಬಿಸಿಲಿಗೆ ಹೂ ಉದುರಿದಾಗ, ಅಕಾಲ ಮಳೆ ಸುರಿದಾಗ, ಬಿಳಿನೊಣ ಹರಡುವ ಎಲೆಮುದುಡು ರೋಗ ಬಿದ್ದಾಗ. ಕೋಲಾರದ ಹೊಲಕ್ಕೆ ಬಂದ ಬಿಸಿಲು, ಬಿಳಿನೊಣ ಬಸವನಗುಡಿಯ ತಾರಸಿಗೂ ಬರುತ್ತವೆ. ಸಂತೆಯಲ್ಲಿ ಕೊರತೆಯಾದ ದಿನವೇ ಮನೆಯ ಗಿಡವೂ ಕೈ ಕೊಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮೂರು ರೋಗ ತಡೆಯುವ ಅರ್ಕಾ ರಕ್ಷಕ್ ತಳಿ ಕೊಟ್ಟಿದೆ, ರೈತರ ಹೊಲದಲ್ಲಿ ಅದು ಗಿಡವೊಂದಕ್ಕೆ 18 ಕಿಲೋವರೆಗೆ ಬಂದದ್ದುಂಟು. ಚೀಲದಲ್ಲಿ ಬೆಳೆದ ಗಿಡದಿಂದ ಎರಡು-ಮೂರು ಕಿಲೋ ಬಂದರೆ ಸಂತೋಷಪಡಬೇಕು. ಮಾಮೂಲಿ ದಿನದ ಬೆಲೆಯಲ್ಲಿ ಅದರ ಕಿಮ್ಮತ್ತು ಐವತ್ತು-ಅರವತ್ತು ರೂಪಾಯಿ. ಮನೆಯ ಹಣ್ಣಿನ ರುಚಿಗಾಗಿ ಬೆಳೆಯುವವರು ಧಾರಾಳವಾಗಿ ಬೆಳೆಯಲಿ. ಉಳಿತಾಯಕ್ಕಾಗಿ ಮೊದಲ ಚೀಲ ಟೊಮೆಟೊಗೆ ಕೊಡುವುದು ಬೇಡ.

ಚೀಲದ ಖರ್ಚಿನ ವಿಷಯಕ್ಕೆ ಬರೋಣ. ಒಂದು ದೊಡ್ಡ ಗ್ರೋ ಬ್ಯಾಗು, ಅದಕ್ಕೆ ತುಂಬುವ ಕೆಮ್ಮಣ್ಣು, ತೆಂಗಿನನಾರಿನ ಪುಡಿ, ಎರೆಗೊಬ್ಬರ, ಹಿಡಿ ಬೇವಿನ ಹಿಂಡಿ, ಎಲ್ಲ ಕೊಂಡುತಂದರೆ ನೂರೈವತ್ತರಿಂದ ಇನ್ನೂರು ರೂಪಾಯಿ ಸುಲಭವಾಗಿ ಆಗುತ್ತದೆ. ಇಪ್ಪತ್ತು ಚೀಲವೆಂದರೆ ಮೂರು-ನಾಲ್ಕು ಸಾವಿರ, ಅಂದರೆ ಸರಾಸರಿ ಮನೆಯ ಮೂರು-ನಾಲ್ಕು ತಿಂಗಳ ಪೂರ್ತಿ ತರಕಾರಿ ದುಡ್ಡು. ಬಿಸಿಲಿಗೆ ಪ್ಲಾಸ್ಟಿಕ್ ಚೀಲ ಎರಡು-ಮೂರು ವರ್ಷದಲ್ಲಿ ಹರಿಯುತ್ತದೆ. ಹನಿ ನೀರಾವರಿ ಕಿಟ್ಟು, ನೆರಳು ಪರದೆ, ಹೈಡ್ರೋಪೋನಿಕ್ಸ್ ಪೈಪು ಎಂದು ಹೊರಟರೆ ಹತ್ತಿಪ್ಪತ್ತು ಸಾವಿರ ಹೋಗಿಬಿಡುತ್ತದೆ, ಸೊಪ್ಪಿನ ರೂಪದಲ್ಲಿ ಅದು ತಿರುಗಿ ಬರಲು ವರ್ಷಗಳು ಹಿಡಿಯುತ್ತವೆ. ಕೈತೋಟದಿಂದ ನಿಜವಾಗಿ ಉಳಿತಾಯ ಮಾಡಿದವರನ್ನು ಗಮನಿಸಿದರೆ ಒಂದು ಸಾಮಾನ್ಯ ಗುಣ ಕಾಣುತ್ತದೆ: ಅವರು ಏನನ್ನೂ ಕೊಂಡಿರುವುದಿಲ್ಲ. ಪೇಂಟಿನ ಬಕೆಟ್ಟು, ಒಡೆದ ಟಬ್ಬು, ಹಣ್ಣಿನ ಕ್ರೇಟು, ಅಕ್ಕಿಯ ಚೀಲ, ಅಡುಗೆಮನೆಯ ಸಿಪ್ಪೆಯಿಂದಲೇ ಗೊಬ್ಬರ. ಬೆಂಗಳೂರಿನ ಕಸ ಸುರಿಸಿಕೊಂಡು ಸಾಕಾದ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದದ್ದನ್ನು ನೆನೆದರೆ, ಮನೆಯ ಸಿಪ್ಪೆ ಮನೆಯಲ್ಲೇ ಮಣ್ಣಾಗುವುದು ಬರೀ ಉಳಿತಾಯದ ಮಾತಲ್ಲ.

ಭಾರದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು, ಉತ್ಸಾಹದಲ್ಲಿ ಹಲವರು ಇದನ್ನು ಮರೆಯುತ್ತಾರೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಸಂಸ್ಥೆ ನಿಗದಿ ಮಾಡಿರುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ. ಒಂದಡಿ ದಪ್ಪ ಮಣ್ಣು ಹರಡಿ ನೀರು ಹಾಕಿದರೆ ಅಷ್ಟೇ ಜಾಗದ ಮೇಲೆ 500 ಕಿಲೋ ಕೂರುತ್ತದೆ. ಇಪ್ಪತ್ತು ಲೀಟರಿನ ಒಂದು ಬಕೆಟ್ಟು ಒದ್ದೆ ಮಣ್ಣೇ ಮೂವತ್ತು ಕಿಲೋ ತೂಗುತ್ತದೆ. ಆದ್ದರಿಂದ ತಾರಸಿಯ ನಡುವೆ ಮಡಿ ಕಟ್ಟದೆ, ಗೋಡೆ ಮತ್ತು ತೊಲೆಗಳ ಮೇಲಿನ ಅಂಚಿನಲ್ಲಿ, ಹಗುರ ಮಿಶ್ರಣ ತುಂಬಿದ ಕುಂಡಗಳನ್ನು ಇಟ್ಟಿಗೆಯ ಮೇಲಿಡಬೇಕು. ನೀರಿಳಿದು ಸೀಲಿಂಗು ಹಾಳಾದರೆ ದುರಸ್ತಿಯ ಖರ್ಚು ಹತ್ತು ವರ್ಷದ ಸೊಪ್ಪಿನ ಉಳಿತಾಯವನ್ನು ನುಂಗುತ್ತದೆ.

ಇನ್ನು ನೀರು. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕು. ಇಪ್ಪತ್ತು ಚದರ ಮೀಟರಿನ ತೋಟಕ್ಕೆ ಹತ್ತಿರ ಹತ್ತಿರ ನೂರು ಲೀಟರ್. 2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಟ್ಯಾಂಕರ್ ನೀರು ಕೊಂಡು ಬದನೆ ಬೆಳೆಯುವುದರಲ್ಲಿ ಅರ್ಥವಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಕೂಡಿಟ್ಟ ಮಳೆನೀರು, ಇವಿಷ್ಟರಲ್ಲಿ ಸಾಕಬಹುದಾದಷ್ಟೇ ಗಿಡ ಇರಲಿ. ನೀರು ಶುದ್ಧೀಕರಣ ಯಂತ್ರ ಹೊರಚೆಲ್ಲುವ ನೀರಿನಲ್ಲಿ ಉಪ್ಪು ಹೆಚ್ಚು, ಅದನ್ನು ಬೇರೆ ನೀರಿನೊಂದಿಗೆ ಬೆರೆಸದೆ ದಿನವೂ ಹಾಕಿದರೆ ಮಣ್ಣು ಕೆಡುತ್ತದೆ. ಬೆಂಗಳೂರಿನ ಮಳೆಯಲ್ಲಿ 30x40 ತಾರಸಿಯ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಇಂದಿಗೂ ಚರಂಡಿಗೇ ಹೋಗುತ್ತಿದೆ.

ಈ ಎಲ್ಲ ತೊಡಕುಗಳನ್ನು ನಮ್ಮ ಹಿತ್ತಿಲು ಯಾವತ್ತೋ ಬಗೆಹರಿಸಿಕೊಂಡಿತ್ತು. ಮಲೆನಾಡು, ಕರಾವಳಿಯ ಹಳೆಯ ಮನೆಗಳಲ್ಲಿ ಬಚ್ಚಲ ನೀರು ಹರಿದು ಹೋಗುವ ದಾರಿಯಲ್ಲಿ ಬಾಳೆ, ಕೆಸು, ಅದರಾಚೆ ಬಸಳೆ ಚಪ್ಪರ. ಬಾವಿಕಟ್ಟೆಯ ತೇವದಲ್ಲಿ ಒಂದೆಲಗ, ಹೊನಗೊನೆ. ಬೇಲಿಯ ಸಾಲಿನಲ್ಲಿ ಚಕ್ರಮುನಿ, ನುಗ್ಗೆ. ಮುಂಗಾರು ಹಿಡಿಯುವ ಮೊದಲೇ ಅಂಗಳದ ಅಂಚಿನಲ್ಲಿ ಹೀರೆ, ಹಾಗಲ, ಪಡುವಲದ ಬೀಜ. ಬೇಸಿಗೆ ಗದ್ದೆಯಲ್ಲಿ ಬೆಳೆದ ಸೌತೆಕಾಯಿಯನ್ನು ಒಂದೊಂದಾಗಿ ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ಸಾಲಾಗಿ ತೂಗುಬಿಡುತ್ತಿದ್ದರು. ಕಾಯಿ ಕಾಯಿಗೆ ತಾಗದಂತೆ ಗಾಳಿಯಾಡುವ ಹಾಗೆ ಕಟ್ಟಿದ್ದರಿಂದ ಸಂತೆಗೆ ಹೋಗಲಾಗದ ಆಷಾಢದ ಮಳೆಯಲ್ಲಿ ಸಾಂಬಾರಿಗೆ ಅದೇ ಗತಿ. ಗಮನಿಸಬೇಕಾದದ್ದು ಇಲ್ಲಿರುವ ಗಿಡಗಳನ್ನು: ಮುಕ್ಕಾಲು ಪಾಲು ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಡುವಂಥವು, ಇಲ್ಲವೇ ತಾವೇ ಬಿದ್ದು ಹುಟ್ಟುವಂಥವು. ಹಿತ್ತಿಲಿನ ಮಿತವ್ಯಯ ಇರುವುದು ಈ ಆಯ್ಕೆಯಲ್ಲಿ. ನಗರದ ಕೈತೋಟ ಪುಸ್ತಕ ನೋಡಿ ಕ್ಯಾಪ್ಸಿಕಂ, ಹೂಕೋಸು, ಕ್ಯಾರೆಟ್ ಎಂದು ಪ್ರತಿ ಸಲ ಹೊಸ ಬೀಜ, ಹೊಸ ಗೊಬ್ಬರ ಬೇಡುವ ಬೆಳೆಗಳ ಹಿಂದೆ ಓಡಿ ಸುಸ್ತಾಗುತ್ತದೆ.

ಆ ಜ್ಞಾನ ಉಳಿದಿದ್ದರೆ ಅದು ಹೆಂಗಸರಿಂದ. ಶಿರಸಿಯಲ್ಲಿ 2001ರಲ್ಲಿ ಶುರುವಾದ ವನಸ್ತ್ರೀ ಸಂಘಟನೆ ಮಲೆನಾಡಿನ ಹಿತ್ತಿಲ ಬೀಜಗಳನ್ನು ಮನೆಯಿಂದ ಮನೆಗೆ ದಾಟಿಸುವ ಕೆಲಸ ಮಾಡುತ್ತ ಬಂದಿದೆ. ಬೂದಿಯಲ್ಲಿ ಹೊರಳಿಸಿ ಒಲೆಯ ಮೇಲಿನ ಹೊಗೆಯಲ್ಲಿಟ್ಟ ಹೀರೆ ಬೀಜ, ಒಣಗಿದ ಸೋರೆ ಬುರುಡೆಯೊಳಗೇ ಉಳಿಸಿದ ಸೋರೆ ಬೀಜ, ಇವು ಹೈಬ್ರಿಡ್ ಪೊಟ್ಟಣದಂತೆ ಪ್ರತಿ ವರ್ಷ ದುಡ್ಡು ಕೇಳುವುದಿಲ್ಲ. ಆದರೆ ಮಲೆನಾಡಿನಲ್ಲೇ ಹಿತ್ತಿಲು ಸೋಲುತ್ತಿರುವುದನ್ನೂ ಹೇಳಬೇಕು. ಮಂಗಗಳ ಹಾವಳಿಗೆ ಬೇಸತ್ತು ತರಕಾರಿ ಹಾಕುವುದನ್ನೇ ಬಿಟ್ಟ ಮನೆಗಳು ಊರಿಗೆ ಹತ್ತಾರು. ಬೆಳೆದದ್ದನ್ನು ಕಾಯಲು ಹಗಲೆಲ್ಲ ಮನೆಯಲ್ಲಿ ಜನ ಬೇಕು. ಮಕ್ಕಳು ಬೆಂಗಳೂರಿನಲ್ಲಿ, ಊರಲ್ಲಿ ಇಬ್ಬರೇ ಮುದುಕರು. ಸುತ್ತ ತೋಟ-ಗದ್ದೆ ಇದ್ದೂ ಪೇಟೆಯಿಂದ ಬರುವ ತರಕಾರಿ ವ್ಯಾನಿಗೆ ಕಾಯುವ ಹಳ್ಳಿಗಳು ಇಂದು ಸಾಮಾನ್ಯ.

ಬೆಂಗಳೂರಿನಲ್ಲಿ ತಾರಸಿ ತೋಟದ ಪಾಠ ಹರಡಿದ್ದಕ್ಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಕಲಿಸಿದ ಡಾ. ಬಿ.ಎನ್. ವಿಶ್ವನಾಥ್ ಅವರನ್ನು ನೆನೆಯಬೇಕು. 1990ರ ದಶಕದಿಂದ ಅವರು ನಡೆಸಿದ ತರಗತಿಗಳಲ್ಲಿ ಕಲಿತವರು ಇನ್ನಷ್ಟು ಜನರಿಗೆ ಕಲಿಸಿದರು. ಆ ಬಳಗದಿಂದ 2011ರಲ್ಲಿ ಶುರುವಾದ ‘ಊಟ ಫ್ರಮ್ ಯುವರ್ ತೋಟ’ ಸಂತೆಯಲ್ಲಿ ಬೀಜ, ಸಸಿ, ಅನುಭವಗಳ ಕೊಡುಕೊಳ್ಳುವಿಕೆ ನಡೆಯುತ್ತದೆ. ಹೆಸರಘಟ್ಟದ ಸಂಸ್ಥೆ ಒಂದು ಚದರ ಮೀಟರ್ ಜಾಗದಲ್ಲಿ ಮೇಲೆ ಮೇಲೆ ಕುಂಡ ಇಡುವ ಅರ್ಕಾ ಲಂಬ ತೋಟದ ಚೌಕಟ್ಟನ್ನು ರೂಪಿಸಿದೆ, ತನ್ನ ತಳಿಗಳ ಬೀಜವನ್ನು ಜನರಿಗೆ ನೇರವಾಗಿ ಮಾರುತ್ತದೆ. ಅಂದರೆ ವಿದ್ಯೆ, ಬೀಜ ಎರಡೂ ಊರಲ್ಲಿಯೇ ಇವೆ.

ಬೇರೆ ದೇಶಗಳಲ್ಲಿ ಮನೆಯ ತೋಟ ಒಂದಿಡೀ ನಾಡಿಗೆ ಉಣಿಸಿದ ಉದಾಹರಣೆಗಳಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರ ಸುಮಾರಿಗೆ, ಅಮೆರಿಕದಲ್ಲಿ ಎರಡು ಕೋಟಿಯಷ್ಟು ‘ವಿಕ್ಟರಿ ಗಾರ್ಡನ್’ಗಳಿದ್ದವು; ದೇಶದ ತಾಜಾ ತರಕಾರಿಯ ಶೇ 40ರಷ್ಟು ಅವುಗಳಿಂದಲೇ ಬರುತ್ತಿತ್ತೆಂದು ಅಂದಾಜು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ಡೀಸೆಲ್, ಗೊಬ್ಬರ ನಿಂತಾಗ ಕ್ಯೂಬಾದ ಹವಾನಾ ನಗರ ಖಾಲಿ ನಿವೇಶನಗಳಲ್ಲಿ ಏರುಮಡಿ ಕಟ್ಟಿ ಸೊಪ್ಪು-ತರಕಾರಿ ಬೆಳೆಯಿತು. ಎರಡೂ ಕಡೆ ಜನರ ಉತ್ಸಾಹದಷ್ಟೇ ಸರ್ಕಾರದ ಕೈಯೂ ಇತ್ತು. ಬೆಳೆಯುವುದು ಹೇಗೆಂದು ಹೇಳಿಕೊಡುವವರನ್ನು ಸರ್ಕಾರಗಳೇ ನೇಮಿಸಿದವು, ಊರಿನ ಖಾಲಿ ಜಾಗಗಳನ್ನು ಜನರಿಗೆ ಬಿಟ್ಟುಕೊಟ್ಟವು. ಯುದ್ಧ ಮುಗಿದು ಅಂಗಡಿಗಳು ತುಂಬಿದ ಮೇಲೆ ಅಮೆರಿಕದ ತೋಟಗಳು ಬಹುಪಾಲು ಮತ್ತೆ ಹುಲ್ಲುಹಾಸಾದವು.

ಇಲ್ಲಿ ನನಗೆ ಅತ್ಯಂತ ಕಾಡುವ ಪ್ರಶ್ನೆ ಬರುತ್ತದೆ: ಕೈತೋಟ ಯಾರಿಗೆ ಹೆಚ್ಚು ಬೇಕೋ ಅವರಿಗೆ ಅದು ಸಿಗುತ್ತಿದೆಯೇ? ತಾರಸಿ ಇರುವವರಿಗೆ ತರಕಾರಿ ಖರ್ಚು ಭಾರವಲ್ಲ. ಭಾರ ಇರುವುದು ಬಾಡಿಗೆ ಮನೆಯವರಿಗೆ, ಶೀಟಿನ ಮನೆಯವರಿಗೆ, ಗಾರ್ಮೆಂಟ್ಸಿನಲ್ಲಿ ದುಡಿದು ಕತ್ತಲಾದ ಮೇಲೆ ಮನೆ ಸೇರುವ ಹೆಂಗಸರಿಗೆ. ತಾರಸಿಯ ಬೀಗದ ಕೈ ಮಾಲೀಕರ ಹತ್ತಿರ, ಮೆಟ್ಟಿಲ ಮೇಲೆ ಕುಂಡ ಇಟ್ಟರೆ ಜಗಳ. ಬೆಲೆ ಏರಿದಾಗ ಇಂಥ ಮನೆಗಳಲ್ಲಿ ಮೊದಲು ಕಡಿಮೆಯಾಗುವುದು ಸೊಪ್ಪು-ತರಕಾರಿ. ಅನ್ನ, ತಿಳಿಸಾರಿನಲ್ಲಿ ಹೊಟ್ಟೆ ತುಂಬುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷ ಹಿಂದಿನ ಸಮೀಕ್ಷೆಗಿಂತ ಇದು ಹೆಚ್ಚು. ಸೊಪ್ಪೊಂದೇ ರಕ್ತಹೀನತೆಗೆ ಮದ್ದಲ್ಲ, ನಿಜ. ಆದರೆ ತಲೆಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕೆನ್ನುವ ಮಾರ್ಗಸೂಚಿ ಇರುವಾಗ ನಾಲ್ವರ ಮನೆಗೆ ದಿನಾ ಒಂದೂವರೆ ಕಿಲೋ ಕೊಳ್ಳುವ ಶಕ್ತಿ ಎಷ್ಟು ಮಂದಿಗಿದೆ? ಬಾಗಿಲ ಬಳಿಯ ನುಗ್ಗೆ, ಬಸಳೆಯ ನಿಜವಾದ ಬೆಲೆ ಈ ಪ್ರಶ್ನೆಯಲ್ಲಿದೆ. ಕೈಗೆ ಸಿಗುವಂತೆ ಇದ್ದರೆ ಸೊಪ್ಪು ತಟ್ಟೆಗೆ ಬರುತ್ತದೆ, ಕೊಂಡೇ ತರಬೇಕಾದರೆ ಮುಂದಕ್ಕೆ ಹೋಗುತ್ತದೆ. ತಿಂಗಳ ಖರ್ಚು ಇಳಿಯದಿರಬಹುದು, ತಿನ್ನುವ ಸೊಪ್ಪು ಹೆಚ್ಚುತ್ತದೆ. ಉಳಿತಾಯದ ಪುಸ್ತಕದಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ಮನೆಯಲ್ಲಿ ಬೆಳೆದರೆ ರೈತನ ಗಿರಾಕಿ ತಪ್ಪುತ್ತಾನೆ ಎಂಬ ಆಕ್ಷೇಪವನ್ನೂ ಕೇಳಿದ್ದೇನೆ. ರಿಸರ್ವ್ ಬ್ಯಾಂಕಿನ 2024ರ ಅಧ್ಯಯನವೊಂದರ ಪ್ರಕಾರ ಗ್ರಾಹಕ ಟೊಮೆಟೊಗೆ ಕೊಡುವ ರೂಪಾಯಿಯಲ್ಲಿ ರೈತನಿಗೆ ಮುಟ್ಟುವುದು 33 ಪೈಸೆ, ಈರುಳ್ಳಿಯಲ್ಲಿ 36 ಪೈಸೆ, ಆಲೂಗಡ್ಡೆಯಲ್ಲಿ 37 ಪೈಸೆ. ರೈತನಿಗೆ ನಷ್ಟ ಮಾಡುತ್ತಿರುವುದು ಮನೆಯ ನಾಲ್ಕು ಕುಂಡಗಳಲ್ಲ. ಒಂದು ಬದನೆ ಗಿಡವನ್ನು ಕಾಯಿಕೊರಕ ಹುಳದಿಂದ ಕಾಪಾಡಲು ಹೆಣಗಿದವರಿಗೆ ಸಂತೆಯಲ್ಲಿ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ.

ಹಾಗಾಗಿ ಬೀಜದ ಪೊಟ್ಟಣ ಹಂಚಿ ಕೈತೊಳೆದುಕೊಳ್ಳುವುದಕ್ಕಿಂತ ಜಾಗದ ಪ್ರಶ್ನೆಯನ್ನು ಎತ್ತಿಕೊಳ್ಳಬೇಕು. ಅಂಗನವಾಡಿ, ಶಾಲೆಗಳಲ್ಲಿ ಪೋಷಣ್ ವಾಟಿಕೆ ಮಾಡುವ ಯೋಜನೆ ಕೇಂದ್ರದ ಪೋಷಣ್ ಅಭಿಯಾನದಲ್ಲಿ ಈಗಾಗಲೇ ಇದೆ. ಹಳ್ಳಿಯ ಅಂಗನವಾಡಿಗೆ ಅಂಗಳವಿದೆ, ನೀರಿದ್ದರೆ ನುಗ್ಗೆ, ಕರಿಬೇವು, ಬಸಳೆ ಬದುಕುತ್ತವೆ. ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಲ್ಲದೆ ಒಣಗುವುದೇ ಅಲ್ಲಿನ ಕಷ್ಟ, ಆ ಎರಡು ತಿಂಗಳಿಗೆ ಸ್ತ್ರೀಶಕ್ತಿ ಸಂಘದವರಿಗೆ ಸಣ್ಣ ಸಂಭಾವನೆ ಕೊಟ್ಟರೆ ಅದು ನೀಗುತ್ತದೆ. ನಗರದಲ್ಲಿ ಅಂಗನವಾಡಿಯೇ ಬಾಡಿಗೆಯ ಒಂದು ಕೋಣೆಯಲ್ಲಿರುತ್ತದೆ. ಅಲ್ಲಿ ಪಾಲಿಕೆಯ ಪಾರ್ಕುಗಳ ಒಂದು ಮೂಲೆಯನ್ನು ಸುತ್ತಲಿನ ಬಾಡಿಗೆ ಮನೆಗಳ ಹೆಂಗಸರಿಗೆ ಸೊಪ್ಪಿನ ಮಡಿಗಾಗಿ ಬಿಟ್ಟುಕೊಡಬಹುದು. ಅಲಂಕಾರದ ಕ್ರೋಟನ್ನಿಗೆ ಹಾಕುವ ಸಂಸ್ಕರಿಸಿದ ನೀರಿನ ಬದಲು ಇಲ್ಲಿ ಮಳೆನೀರಿನ ತೊಟ್ಟಿಯ ನೀರು ಬೇಕು, ರಸ್ತೆಯ ಹೊಗೆ-ದೂಳಿನಿಂದ ದೂರದ ಬದಿ ಬೇಕು, ಬೀಗ ಹಾಕದ ಗೇಟು ಬೇಕು. ಪಾಲಿಕೆಯ ಬಜೆಟ್ಟಿಗೆ ಇದು ದೊಡ್ಡ ಮೊತ್ತವೇನಲ್ಲ. ವಾರ್ಡ್ ಸಮಿತಿಯ ಸಭೆಯಲ್ಲಿ ದೀಪ, ಚರಂಡಿ, ಗುಂಡಿಗಳ ಜೊತೆಗೆ ಈ ಬೇಡಿಕೆಯನ್ನೂ ಬರೆದುಕೊಡಲು ಅಡ್ಡಿಯಿಲ್ಲ.